ಪಲ್ಯಕ್ಕೆ ಸಾರಿನ ಸೌಟು

ಮೈಸೂರಿನ ಒಬ್ಬ ನಿವೃತ್ತ ಗಣಿತದ ಮೇಷ್ಟ್ರಿಗೆ ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಮೊದಲು ಖುಷಿಯೇ ಆಯಿತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಎಂಬ ಸಾಲಿನ ಮುಂದೆ 6.1 ಎಂದಿತ್ತು. ಆಯುಷ್ಯವೆಲ್ಲ ಅಂಕ ಹಾಕಿದ ಕೈ. ಹತ್ತಕ್ಕೆ 6.1 ಬಂದರೆ ಫಸ್ಟ್ ಕ್ಲಾಸ್ ಅಲ್ಲವೇ? ಡಾಕ್ಟರು ಕನ್ನಡಕ ಮೂಗಿನ ತುದಿಗಿಳಿಸಿ, "ಇದು ಕಮ್ಮಿ ತೆಗೆದವರು ಪಾಸಾಗೋ ಪರೀಕ್ಷೆ ಸಾರ್. 5.7ರ ಒಳಗಿದ್ದರೆ ನಾರ್ಮಲ್ಲು, 6.5 ಮುಟ್ಟಿದರೆ ಶುಗರ್ರು. ನೀವು ಮಧ್ಯದ ಬೆಂಚಿನಲ್ಲಿ ಕೂತಿದ್ದೀರಿ" ಎಂದರು. ಮಾತ್ರೆ ಬರೆಯಲಿಲ್ಲ. ನಡೀರಿ, ಅನ್ನ ಕಮ್ಮಿ ಮಾಡಿ, ತರಕಾರಿ ಹಣ್ಣು ಜಾಸ್ತಿ ಮಾಡಿ, ಅಷ್ಟೇ ಎಂದರು.

"ತರಕಾರಿ ತಿಂತಾನೇ ಇದ್ದೀನಲ್ಲ ಡಾಕ್ಟ್ರೇ" ಎಂದು ಮೇಷ್ಟ್ರು ನೊಂದುಕೊಂಡರು. ಅಷ್ಟರಲ್ಲಿ ಮುಂದಿನ ಟೋಕನ್ ಕೂಗಿಯಾಗಿತ್ತು.

ಮರುದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸುದ್ದಿ ಹಬ್ಬಿತು. ಮುಂಜಾನೆ ನಡೆಯುವವರ ಗುಂಪೆಂದರೆ ಫೀಸಿಲ್ಲದ ವೈದ್ಯಕೀಯ ಕಾಲೇಜು. ನಿವೃತ್ತ ತಹಸೀಲ್ದಾರರು ಬೂದುಗುಂಬಳದ ರಸ ಎಂದರು, ಎಲ್‌ಐಸಿಯಲ್ಲಿದ್ದವರು ಹಾಗಲಕಾಯಿ ರಸ ಎಂದರು, ಬೆಂಡೆಕಾಯಿ ನೆನೆಸಿದ ನೀರಿಗೂ ಒಬ್ಬ ವಕೀಲರಿದ್ದರು. ಮೇಷ್ಟ್ರು ಯಾರ ಮನಸ್ಸನ್ನೂ ನೋಯಿಸದವರು, ಮೂರನ್ನೂ ಸರದಿಯ ಮೇಲೆ ಕುಡಿದರು. ಹಾಗಲದ ದಿನ ಅವರ ಮುಖ ನೋಡಿ ಹಾಲಿನವನು ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದು ದುಡ್ಡು ಕೇಳದೆ ಹೋದ. ಐದನೇ ದಿನದ ಗ್ಲಾಸು ಕರಿಬೇವಿನ ಗಿಡದ ಬುಡಕ್ಕೆ ಹೋಯಿತು.

ಕಹಿ ಬೇಡವೆಂದು ಕಿತ್ತಳೆ ರಸಕ್ಕೆ ಇಳಿದರೆ ಅಲ್ಲಿ ಬೇರೆಯೇ ಲೆಕ್ಕ. ಒಂದು ಗ್ಲಾಸು ತುಂಬಲು ಮೂರೋ ನಾಲ್ಕೋ ಹಣ್ಣು ಬೇಕು. ಸುಲಿದು ತಿನ್ನುವ ಮನುಷ್ಯ ಎರಡನೆಯದಕ್ಕೇ ಸಾಕೆನ್ನುತ್ತಾನೆ. ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದಂತೆ ತಡೆಯುವ ನಾರು ಜರಡಿಯಲ್ಲೇ ಉಳಿದು ಕಸದ ಬುಟ್ಟಿಗೆ ಹೋಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸದ ಸಕ್ಕರೆಯನ್ನು ಕಾಫಿಗೆ ಹಾಕುವ ಸಕ್ಕರೆಯ ಜೊತೆಗೇ ಸೇರಿಸಿ ಎಣಿಸುವುದು. ಡಬ್ಬಿಯ ರಸದ ಕಥೆ ಇನ್ನೂ ತಮಾಷೆ. ಗಟ್ಟಿ ಮಾಡಿದ ರಸಕ್ಕೆ ನೀರು ಬೆರೆಸಿ 'ನೂರಕ್ಕೆ ನೂರು ಹಣ್ಣಿನ ರಸ' ಎಂದು ಅಚ್ಚು ಹಾಕುವುದನ್ನು ನಿಲ್ಲಿಸಿ ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಹೇಳಬೇಕಾಯಿತು. ನೂರಕ್ಕೆ ನೂರು ಎಂದರೆ ಮೇಷ್ಟ್ರಿಗೆ ಮೊದಲಿನಿಂದಲೂ ಅನುಮಾನ. ಅಂಥ ಉತ್ತರಪತ್ರಿಕೆಗಳನ್ನು ಅವರು ಎರಡು ಸಲ ತಿದ್ದುತ್ತಿದ್ದರು.

ಅಷ್ಟರಲ್ಲಿ ಅಮೆರಿಕದಲ್ಲಿರುವ ಮಗ ವಿಡಿಯೊ ಕಾಲ್‌ನಲ್ಲಿ ಪ್ರತ್ಯಕ್ಷನಾಗಿ ಕೇಲ್ ಎಂಬ ಸೊಪ್ಪು, ಅವಕಾಡೊ ಎಂಬ ಹಣ್ಣು, ಬ್ರಾಕೊಲಿ ಎಂಬ ಹಸಿರು ಹೂಕೋಸಿನ ಹೆಸರು ಬರೆಸಿದ. ಮಾಲಿನಲ್ಲಿ ಮೂರೂ ಸಿಕ್ಕವು. ಬಿಲ್ಲು ನೋಡಿದ ಮೇಲೆ ಆ ಹಣ್ಣನ್ನು ಕತ್ತರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಮೂರು ದಿನ ಫ್ರಿಜ್ಜಿನ ಬಾಗಿಲು ತೆರೆದು ದರ್ಶನ ಪಡೆದು, ನಾಲ್ಕನೇ ದಿನ ಹೆಚ್ಚಿದರೆ ಒಳಗೆಲ್ಲ ಕಪ್ಪು. ಕೊಡಗಿನ ಕಾಫಿ ತೋಟಗಳಲ್ಲಿ ಅದೇ ಹಣ್ಣು ಬೆಣ್ಣೆಹಣ್ಣು ಎಂಬ ಹೆಸರಿನಲ್ಲಿ ಬೆಳೆಯುತ್ತದೆ ಎಂಬುದು ಆಮೇಲೆ ತಿಳಿಯಿತು. ಕೇಲ್ ಸೊಪ್ಪನ್ನು ಮೇಷ್ಟ್ರ ಮನೆಯವರು ತಿರುಗಿಸಿ ಮುರುಗಿಸಿ ನೋಡಿ, "ಹಿತ್ತಲಲ್ಲಿ ನುಗ್ಗೆಸೊಪ್ಪು ಕೊಯ್ದು ಹಾಲಿನವನ ಹಸುಗೆ ಹಾಕ್ತಾ ಇದ್ದೀವಿ, ಇದನ್ನ ದುಡ್ಡು ಕೊಟ್ಟು ತಂದ್ರಾ?" ಎಂದು ಕೇಳಿದರು. ಸುಣ್ಣದ ಅಂಶದಲ್ಲಾಗಲಿ, ಎ ಜೀವಸತ್ವದ ಮೂಲವಾದ ಕ್ಯಾರೊಟಿನ್‌ನಲ್ಲಾಗಲಿ ನುಗ್ಗೆಸೊಪ್ಪು ಯಾವ ವಿಲಾಯಿತಿ ಸೊಪ್ಪಿನ ಮುಂದೆಯೂ ತಲೆ ತಗ್ಗಿಸಬೇಕಾದ್ದಿಲ್ಲ. ಹಸುವಿಗೆ ಇದು ಮೊದಲೇ ಗೊತ್ತಿದ್ದಿರಬೇಕು.

ಇನ್ನು ಉಳಿದದ್ದು ಲೆಕ್ಕ. ಗಣಿತದ ಮೇಷ್ಟ್ರು ಗಣಿತಕ್ಕೇ ಬಂದರು.

ತರಕಾರಿ, ಹಣ್ಣು ಎರಡೂ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ತಿನ್ನಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೈ ಇನ್ನೂ ಧಾರಾಳ. ಅದು 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಎರಡು ಸಾವಿರ ಕ್ಯಾಲೊರಿಯ ಊಟದಲ್ಲಿ ತರಕಾರಿಯೇ 400 ಗ್ರಾಂ, ಮೇಲೆ ಹಣ್ಣು 100 ಗ್ರಾಂ. ಮೇಷ್ಟ್ರು ಸುಲಭದ ಪ್ರಶ್ನೆಪತ್ರಿಕೆ ಆರಿಸಿಕೊಂಡರು. ಮೊಮ್ಮಗಳ ಕೇಕಿನ ಹುಚ್ಚಿಗೆ ತಂದಿದ್ದ ಪುಟ್ಟ ತಕ್ಕಡಿ ಊಟದ ಮೇಜಿಗೆ ಬಂತು. ಬೆಳಗಿನ ಉಪ್ಪಿಟ್ಟಿನಿಂದ ಹೆಕ್ಕಿ ತೆಗೆದ ಬೀನ್ಸು, ಕ್ಯಾರೆಟ್ ಚೂರುಗಳು 18 ಗ್ರಾಂ. ಮಧ್ಯಾಹ್ನ ಒಂದು ಚಮಚ ಪಲ್ಯ, 30. ಹುಳಿಯ ನುಗ್ಗೆಕಾಯಿ ಹೋಳು ಮೂರು, 40. ಆದರೆ ನುಗ್ಗೆಕಾಯಿಯಲ್ಲಿ ಜಗಿದು ಉಗಿಯುವ ಸಿಪ್ಪೆಯ ತೂಕ ಕಳೆಯಬೇಡವೇ? ಉಗಿದದ್ದನ್ನೂ ತಕ್ಕಡಿಗೆ ಹಾಕಲು ಹೋದಾಗ ಮನೆಯವರು ತಕ್ಕಡಿ ಕಿತ್ತಿಟ್ಟರು. ಅಂದಾಜಿಗೆ 18 ಕಳೆದು 22 ಎಂದು ಬರೆಯಲಾಯಿತು. ರಾತ್ರಿ ಒಂದು ಬಾಳೆಹಣ್ಣು, ಸಿಪ್ಪೆ ಬಿಟ್ಟು 60. ಸಂಜೆ ಮಸಾಲೆ ದೋಸೆಯೊಳಗಿದ್ದ ಆಲೂಗಡ್ಡೆ ಪಲ್ಯದ ಮೇಲೆ ಅವರು ಭಾರೀ ಭರವಸೆ ಇಟ್ಟಿದ್ದರು. ಆಲೂಗಡ್ಡೆಯಂಥ ಪಿಷ್ಟದ ಗೆಡ್ಡೆಗಳು ಈ 400ರ ಲೆಕ್ಕಕ್ಕೆ ಬರುವುದಿಲ್ಲ ಎಂದು ಓದಿ, ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು.

ಒಟ್ಟು 130. ನಾನೂರಕ್ಕೆ ನೂರಮೂವತ್ತು ಎಂದರೆ ಶೇಕಡಾ 32.5. ಅವರ ಶಾಲೆಯಲ್ಲಿ ಪಾಸಿಗೆ 35 ಬೇಕಿತ್ತು. ಎರಡೂವರೆ ಅಂಕಕ್ಕೆ ಗ್ರೇಸ್ ಕೊಡಿ ಎಂದು ಬಂದ ಎಷ್ಟು ಮಕ್ಕಳನ್ನು ಅವರು ಹಿಂದಕ್ಕೆ ಕಳಿಸಿದ್ದರೋ!

ತರಕಾರಿ ತಿನ್ನುತ್ತಿದ್ದೇನೆ ಎಂಬ ಅವರ ಮಾತು ಸುಳ್ಳೇನೂ ಆಗಿರಲಿಲ್ಲ. ನಮ್ಮ ಬಾಳೆ ಎಲೆಯನ್ನೇ ನೋಡಿ. ಮೇಲ್ಭಾಗದಲ್ಲಿ ಸಾಲಾಗಿ ಕೋಸಂಬರಿ, ಎರಡು ಬಗೆ ಪಲ್ಯ, ಗೊಜ್ಜು, ಮೊಸರುಬಜ್ಜಿ. ಒಂದಕ್ಕಿಂತ ಒಂದು ಚೆಂದ. ಆದರೆ ಬಿದ್ದಿರುವುದು ಮಾತ್ರ ತೀರ್ಥದಷ್ಟು. ನಡುವೆ ಅನ್ನ, ಚಾಮುಂಡಿ ಬೆಟ್ಟದ ಹಾಗೆ. ಅಡುಗೆಯಲ್ಲಿ ಏನೂ ತಪ್ಪಿಲ್ಲ, ತಪ್ಪಿರುವುದು ಬಡಿಸುವ ಸೌಟು.

ಇದನ್ನು ಕಂಡುಹಿಡಿದದ್ದು ಮೇಷ್ಟ್ರಲ್ಲ. ತಕ್ಕಡಿಯ ಪ್ರಕರಣವಾದ ಮಾರನೇ ದಿನ ಅವರ ಮನೆಯವರು ಮಾತಿಲ್ಲದೆ ಸಾರಿನ ಸೌಟನ್ನು ಪಲ್ಯದ ಬಾಣಲೆಗೂ ಪಲ್ಯದ ಚಮಚವನ್ನು ಅನ್ನದ ಪಾತ್ರೆಗೂ ಹಾಕಿಟ್ಟರು. ತಟ್ಟೆಯಲ್ಲಿ ಹುರುಳಿಕಾಯಿ ಪಲ್ಯದ ಗುಡ್ಡೆ, ಪಕ್ಕದಲ್ಲಿ ಪ್ರಸಾದದಂತೆ ಅನ್ನ.

"ಏನೇ ಇದು?"

"ಸೌಟು ಸಿಗಲಿಲ್ಲ ಕಣ್ರೀ" ಎಂದರು ಅವರು. ಸೌಟು ಇವತ್ತಿಗೂ ಸಿಕ್ಕಿಲ್ಲ.

ಕೋಸಂಬರಿಯಲ್ಲೂ ಇದೇ ಕೈಚಳಕ. ಮೊದಲು ಅದರಲ್ಲಿ ಹೆಸರುಬೇಳೆಯ ನಡುವೆ ಸೌತೆಕಾಯಿ ಇಣುಕುತ್ತಿತ್ತು. ಈಗ ಸೌತೆಕಾಯಿ, ಕ್ಯಾರೆಟ್ ತುರಿಯ ನಡುವೆ ಬೇಳೆ. ಒಂದು ಗಂಟೆ ನೆನೆಸಿ ಬಸಿದ ಒಂದು ಹಿಡಿ ಬೇಳೆ ಇಬ್ಬರಿಗೆ ಸಾಕು. ತೆಂಗಿನತುರಿ, ಕೊತ್ತಂಬರಿ, ಸಾಸಿವೆ-ಇಂಗು-ಹಸಿಮೆಣಸಿನಕಾಯಿಯ ಒಗ್ಗರಣೆ, ಅರ್ಧ ಹೋಳು ನಿಂಬೆ. ಉಪ್ಪು ಮಾತ್ರ ಎಲೆಗೆ ಬಡಿಸುವಾಗ. ಮೊದಲೇ ಹಾಕಿದರೆ ಸೌತೆ ನೀರೆಲ್ಲ ಬಿಟ್ಟು ಕೋಸಂಬರಿ ಸಾರಾಗುತ್ತದೆ. ಈ ಕ್ರಮವನ್ನೆಲ್ಲ ಅಜ್ಜಿಯರು ರುಚಿಗೆಂದು ಮಾಡಿದ್ದರು, ಪೋಷಣೆಯ ಶಾಸ್ತ್ರ ಹಿಂದಿನಿಂದ ಓಡಿಬಂದು ರುಜು ಹಾಕಿತು. ಕ್ಯಾರೆಟ್ಟಿನ ಕ್ಯಾರೊಟಿನ್ ಮೈಗೆ ಹತ್ತಲು ಒಂದಿಷ್ಟು ಜಿಡ್ಡು ಬೇಕು, ಅದನ್ನು ಒಗ್ಗರಣೆಯೂ ತೆಂಗೂ ಕೊಡುತ್ತವೆ. ಬೇಳೆ, ಸೊಪ್ಪುಗಳ ಕಬ್ಬಿಣವನ್ನು ಮೈ ಹೀರಿಕೊಳ್ಳಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಅದೇ ಕಬ್ಬಿಣಕ್ಕೆ ಊಟದ ಬೆನ್ನಿಗೇ ಕುಡಿಯುವ ಕಾಫಿ ಅಡ್ಡಗಾಲು. ಹೀಗಾಗಿ ಮೇಷ್ಟ್ರ ಊಟದ ನಂತರದ ಕಾಫಿ ಒಂದು ಗಂಟೆ ಮುಂದಕ್ಕೆ ಹೋಯಿತು. ಆ ಒಂದು ಗಂಟೆ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುವುದಿಲ್ಲ.

ಬಾಳೆದಿಂಡು ಹೆಚ್ಚುವ ಕೆಲಸ ಅವರ ಪಾಲಿಗೆ ಬಂತು. ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವಾಗ ಎಳೆ ಎಳೆಯಾಗಿ ಬರುವ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗಬೇಕು, ಹೆಚ್ಚಿದ್ದು ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಬೇಕು. ಹದಿನೈದು ನಿಮಿಷದಲ್ಲಿ ಮೇಷ್ಟ್ರ ತೋರುಬೆರಳಿಗೆ ದರ್ಭೆಯ ಪವಿತ್ರಕ್ಕಿಂತ ದಪ್ಪನೆಯ ಉಂಗುರ. ಹೀರೆಕಾಯಿಯ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ ಎಂಬುದು ಹಳೆಯ ಮಾತೇ. ಮಂಗಳೂರು ಕಡೆಯವರು ಕಲ್ಲಂಗಡಿ ತಿಂದ ಮೇಲೆ ಉಳಿಯುವ ಬಿಳಿ ಭಾಗವನ್ನೂ ಅಕ್ಕಿಯ ಜೊತೆ ರುಬ್ಬಿ ದೋಸೆ ಹೊಯ್ಯುತ್ತಾರೆ. ಮಲೆನಾಡಿನ ತಂಬುಳಿಗಂತೂ ಬೇಕಾದ್ದು ಕುಂಡದಲ್ಲಿ ಬೆಳೆಯುವ ದೊಡ್ಡಪತ್ರೆಯ ಏಳೆಂಟು ಎಲೆ: ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಕುದಿಸುವ ಹಂಗೂ ಇಲ್ಲ.

ಕಷ್ಟವಾದದ್ದು ಸಂಜೆ ನಾಲ್ಕು ಗಂಟೆ. ಆ ಹೊತ್ತಿಗೆ ಮೇಷ್ಟ್ರ ಕಾಲು ತಾನಾಗಿ ನಿಪ್ಪಟ್ಟಿನ ಡಬ್ಬಿಯ ಕಡೆಗೆ ಹೋಗುತ್ತಿತ್ತು. ಮನೆಯವರು ಡಬ್ಬಿಯನ್ನು ಅಟ್ಟಕ್ಕೆ ಏರಿಸಿ, ಅದರ ಜಾಗದಲ್ಲಿ ಹೆಚ್ಚಿದ ಪರಂಗಿಹಣ್ಣು ಇಟ್ಟರು, ಮೇಲೆ ನಿಂಬೆರಸ, ಮೆಣಸಿನಪುಡಿ. ಇಡಿಯಾಗಿ ಬುಟ್ಟಿಯಲ್ಲಿಟ್ಟ ಹಣ್ಣು ನೆಂಟರ ಕಣ್ಣಿಗೆ, ಹೆಚ್ಚಿಟ್ಟದ್ದು ಮನೆಯವರ ಬಾಯಿಗೆ. ಸೀಬೆಹಣ್ಣಿನ ಕಾಲದಲ್ಲಿ ಸೀಬೆ. ಬೆಂಗಳೂರಿನವರ ಚೇಪೆ, ಧಾರವಾಡದವರ ಪೇರಲ ಇದೇ. ತೂಕಕ್ಕೆ ತೂಕ ಇಟ್ಟರೆ ಇದರಲ್ಲಿ ಕಿತ್ತಳೆಯ ನಾಲ್ಕು ಪಟ್ಟಿನಷ್ಟು ಸಿ ಜೀವಸತ್ವ. ಕಾಯಿಲೆಯವರನ್ನು ನೋಡಲು ಹೋಗುವವರು ಮಾತ್ರ ಇಂದಿಗೂ ಸೇಬನ್ನೇ ಒಯ್ಯುತ್ತಾರೆ.

ಇಷ್ಟರ ನಡುವೆ ಗದಗದಿಂದ ಮಗಳ ಅತ್ತೆ, ಮಾವ ಬಂದರು. ಚೀಲದಲ್ಲಿ ಕಟಕ್ ಜೋಳದ ರೊಟ್ಟಿ, ಎಳೆ ಮೂಲಂಗಿ, ಉಳ್ಳಾಗಡ್ಡಿ, ಒಂದು ಕಟ್ಟು ಮೆಂತ್ಯ ಸೊಪ್ಪು. ಬೀಗತಿ ಸೊಪ್ಪು ತೊಳೆದು, ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಸೌತೆಕಾಯಿ ಸೇರಿಸಿ, ಗುರೆಳ್ಳು ಪುಡಿ ಉದುರಿಸಿ, ನಾಲ್ಕು ಹನಿ ಎಣ್ಣೆ ಬಿಟ್ಟು ಕಲಸಿ ತಟ್ಟೆಗೆ ಹಾಕಿಬಿಟ್ಟರು. ಪಚಡಿಯಂತೆ. ಮೇಷ್ಟ್ರು ಮೆಲ್ಲಗೆ, "ಒಲೆ ಹಚ್ಚೋದು ಮರೆತಿರಾ?" ಎಂದರು.

"ಒಲಿ ಯಾಕ್ರಿ? ಹಂಗ ತಿನ್ರಿ ಬೀಗರ" ಎಂದು ಮಾವನವರು ನಕ್ಕರು. "ನೀವು ಮೈಸೂರಿನವ್ರು ಕಾಯಿಪಲ್ಲೆ ಕುದಿಸಿ ಕುದಿಸಿ ಅದರ ಜೀವಾನ ತಗೀತೀರಿ ನೋಡ್ರಿ."

ಮಾತು ಚುಚ್ಚಿದರೂ ಸತ್ಯ. ಸಿ ಜೀವಸತ್ವ ಕಾವಿಗೆ ಕೆಡುತ್ತದೆ, ನೀರಿಗೆ ಇಳಿಯುತ್ತದೆ, ಬೇಯಿಸಿದ ನೀರಿನ ಜೊತೆ ಮೋರಿ ಸೇರುತ್ತದೆ. ಮಂಡ್ಯದವರು ಬಸ್ಸಾರು ಮಾಡಿ ಆ ನೀರನ್ನು ಊಟಕ್ಕೆ ವಾಪಸು ತರುವಷ್ಟು ಜಾಣರು. ಉತ್ತರ ಕರ್ನಾಟಕದವರು ಆ ತಂಟೆಗೇ ಹೋಗದೆ ರೊಟ್ಟಿಯ ಪಕ್ಕದಲ್ಲಿ ಮೆಂತ್ಯ, ಹಕ್ಕರಕಿ ಸೊಪ್ಪನ್ನು ಹಸಿಯಾಗಿಯೇ ಇಟ್ಟುಕೊಂಡರು. ಮಗ ಡಾಲರ್ ದೇಶದಿಂದ ಸಲಾಡ್ ಎಂದು ವರ್ಣಿಸಿದ್ದು ಗದಗದ ಬಸ್ಸಿನಲ್ಲಿ ಬಂದಿಳಿದಿತ್ತು. ಮೊದಲ ತುತ್ತಿಗೆ ಮೇಷ್ಟ್ರಿಗೆ ಹಾಗಲದ ರಸ ನೆನಪಾಯಿತು. ಮೂರನೆಯ ತುತ್ತಿಗೆ ಗುರೆಳ್ಳು ರುಚಿ ಹತ್ತಿತು. ಬೀಗರು ಹೊರಡುವ ಹೊತ್ತಿಗೆ ಪುಡಿಯ ಡಬ್ಬಿ ಇಲ್ಲೇ ಉಳಿಯಿತು.

ಅಭ್ಯಾಸಕ್ಕೆ 21 ದಿನ ಸಾಕು ಎಂದು ವಾಟ್ಸ್‌ಆ್ಯಪ್ಪು ಹೇಳುತ್ತದೆ. ಈ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರ ಪುಸ್ತಕದಲ್ಲಿ ಬರೆದದ್ದು: ಹೊಸ ಮುಖಕ್ಕೆ ರೋಗಿಗಳು ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಹಿಡಿಯುತ್ತಿತ್ತಂತೆ. ಮೂಗಿಗೂ ಮೂಲಂಗಿಗೂ ಒಂದೇ ಲೆಕ್ಕ ಹೇಗಾದೀತು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ತಿನ್ನುವುದು, ಕುಡಿಯುವುದು, ನಡೆಯುವುದು, ಇಂಥದೊಂದನ್ನು ದಿನಾ ಅದೇ ಹೊತ್ತಿಗೆ ಮಾಡುವುದು ತಾನಾಗಿ ರೂಢಿಯಾಗಲು ಸರಾಸರಿ 66 ದಿನ ಬೇಕೆಂದು ಕಂಡಿತು. ಕೆಲವರಿಗೆ 18, ಕೆಲವರಿಗೆ ಅಂದಾಜಿನ ಮೇಲೆ 254. "ಆ ಇನ್ನೂರೈವತ್ತನಾಲ್ಕು ನೀವೇ" ಎಂದರು ಮನೆಯವರು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವಿಲ್ಲ ಎಂಬ ಅದೇ ಅಧ್ಯಯನದ ಇನ್ನೊಂದು ಸಾಲನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡಿದ್ದಾರೆ.

ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆಯಾಯಿತು. 5.8. ದಿನಾ ಕೆರೆ ಸುತ್ತಿದ್ದರ ಪಾಲೆಷ್ಟು, ಅನ್ನ ಇಳಿದದ್ದರ ಪಾಲೆಷ್ಟು, ಪಲ್ಯದ್ದೆಷ್ಟು ಎಂದು ಬೇರೆ ಬೇರೆ ಅಂಕ ಹಾಕಲು ಬರುವುದಿಲ್ಲ. ಡಾಕ್ಟರು ಬೆನ್ನು ತಟ್ಟಿದರು. ಮೇಷ್ಟ್ರು ಮನೆಗೆ ಬಂದು, "ಸೆಕೆಂಡ್ ಕ್ಲಾಸಿಗೆ ಇಳಿದೆ" ಎಂದು ಹೇಳಿಕೊಂಡರು, ಮುಖದಲ್ಲಿ ನಗು ಮುಚ್ಚಿಡಲಾಗದೆ.

ಆ ವಾರವೇ ಒಂದು ಮದುವೆ ಊಟ. ಎಲೆಯ ಮೇಲಿನ ಕೋಸಂಬರಿ ಎರಡು ತುತ್ತಿಗೆ ಮುಗಿಯಿತು. ಮೇಷ್ಟ್ರು ಕೈಯೆತ್ತಿ ಬಡಿಸುವ ಹುಡುಗನನ್ನು ಕರೆದು, ಇನ್ನೊಂದು ಸಲ ಬರಲಿ ಎಂದರು. ಹುಡುಗ ತಬ್ಬಿಬ್ಬಾದ. "ಕೋಸಂಬರಿ ಒಂದೇ ಸಲ ಸಾರ್. ಹೋಳಿಗೆ ಬೇಕಾದ್ರೆ ಮೂರು ಸಲ ಬರುತ್ತೆ."

ಮದುವೆ, ಮುಂಜಿ, ಗೃಹಪ್ರವೇಶ ಇಟ್ಟುಕೊಂಡವರು ದಯವಿಟ್ಟು ಅಡುಗೆಯವರಿಗೆ ಒಂದು ಮಾತು ಹೇಳಿಡಿ: ಕೋಸಂಬರಿಯ ಬಕೆಟ್ಟು ಎರಡನೇ ಸುತ್ತಿಗೂ ಬರಲಿ. ಸಾಧ್ಯವಾದರೆ ಅದರೊಳಗೆ ಸಾರಿನ ಸೌಟಿರಲಿ.