ಪಾಪ, ಬ್ಯಾಟರಿ!

ಕಾರಿನ ಡ್ಯಾಶ್‌ಬೋರ್ಡಿನ ದೀಪಗಳಿಗೆ ಚಿತ್ರ ಬರೆದ ಪುಣ್ಯಾತ್ಮನಿಂದ ಲೋಕದ ಬ್ಯಾಟರಿಗಳಿಗೆಲ್ಲ ದೊಡ್ಡ ಅನ್ಯಾಯವಾಗಿದೆ. ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಕೈಕೊಟ್ಟರೂ ಕೆಂಪಗೆ ಹೊತ್ತಿಕೊಳ್ಳುವುದು ಬ್ಯಾಟರಿಯ ಚಿತ್ರ. ಕದ್ದವನೊಬ್ಬ, ಠಾಣೆಯ ಗೋಡೆಗೆ ಅಂಟಿಸಿದ ಫೋಟೋ ಕಳಕೊಂಡವನದು!

ನಮ್ಮ ಗಾಡಿಯಲ್ಲಿ ಆ ಫೋಟೋ ಕಾಣಿಸಿಕೊಂಡದ್ದು ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವಾಗ, ಮಹಾಗಾಂವ ಕ್ರಾಸ್ ಹತ್ತಿರ. ಮೇ ತಿಂಗಳ ಬಿಸಿಲು. ನಮ್ಮ ಕಡೆ ಆಗ 42 ಡಿಗ್ರಿ ಎಂದರೆ ಯಾರೂ ಸುದ್ದಿಯೆಂದು ತಿಳಿಯುವುದಿಲ್ಲ.

"ಅದೇನೋ ಕೆಂಪಗ ಹತ್ತ್ಯದ ನೋಡ್ರಿ," ಎಂದಳು ನಮ್ಮಾಕೆ. ಬಗ್ಗಿ ನೋಡಿ, ತೀರ್ಪನ್ನೂ ಆಕೆಯೇ ಕೊಟ್ಟಳು. "ಬ್ಯಾಟರಿ ಹೋಗ್ಯದ."

ನಾನು ಮಾತಾಡದೆ ಎ.ಸಿ. ಬಂದ್ ಮಾಡಿದೆ. ಹಿಂದಿನ ಸೀಟಿನಲ್ಲಿ ಬಂಡಾಯವೆದ್ದಿತು. ಲೆಕ್ಕ ಒಪ್ಪಿಸಿದೆ: ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್. ಪೆಟ್ರೋಲ್ ಪಂಪು, ಸ್ಪಾರ್ಕ್, ರೇಡಿಯೇಟರ್ ಫ್ಯಾನು ಸೇರಿ 15 ಆಂಪಿಯರ್ ನುಂಗಿದರೆ ಕಾಗದದ ಮೇಲೆ ಎರಡು ಗಂಟೆ, ರಸ್ತೆಯ ಮೇಲೆ ಒಂದೇ ಎಂದಿಟ್ಟುಕೊಳ್ಳಬೇಕು. ಬ್ಯಾಟರಿಯ ನಿಜವಾದ ಕೆಲಸ ಸೆಲ್ಫ್ ಹೊಡೆಯುವುದು. ಅಲ್ಲಿಂದಾಚೆ ದೀಪ, ಹಾರ್ನು, ವೈಪರು ಎಲ್ಲದಕ್ಕೂ ಕರೆಂಟು ಉಣಿಸಿ, ಬ್ಯಾಟರಿಯನ್ನೂ ತುಂಬಿಸುವುದು ಆಲ್ಟರ್ನೇಟರ್. ಅದು ಕೈ ಎತ್ತಿದಾಗ ಗಾಡಿ ಬಂದ್ ಮಾಡಬಾರದು. ಮಾಡಿದರೆ ಮತ್ತೆ ಸೆಲ್ಫ್ ಹೊಡೆಯುವ ತ್ರಾಣ ಉಳಿದಿರುವುದಿಲ್ಲ. ನನ್ನ ಉಪನ್ಯಾಸಕ್ಕೆ ಗೊರಕೆಯೊಂದೇ ಉತ್ತರವಾಗಿ ಬಂತು.

ಕಮಲಾಪುರ ದೂರವೇನಲ್ಲ, ಕಲಬುರಗಿಯಿಂದ ಸುಮಾರು 35 ಕಿಲೋಮೀಟರು. ಸುಖವಾಗಿ ಮುಟ್ಟಿದೆವು. ಎಂಜಿನ್ ಚಾಲೂ ಇಟ್ಟೇ ಇಳಿದು, ಮೆಕ್ಯಾನಿಕ್ ಎಲ್ಲಿ ಎಂದು ಕೇಳಬೇಕೆನ್ನುವಷ್ಟರಲ್ಲಿ ನಮ್ಮಾಕೆಯ ತಮ್ಮ ಓಡಿ ಬಂದ. "ಬರ್ರಿ ಮಾಮಾ, ಗಾಡಿ ಯಾಕ ಚಾಲೂ ಇಟ್ಟೀರಿ? ಪೆಟ್ರೋಲ್ ಸುಡ್ತದ" ಎಂದು ಕಿಟಕಿಯಿಂದ ಕೈ ಹಾಕಿ, ಕೀಲಿ ತಿರುಗಿಸಿ, ಅದನ್ನು ತನ್ನ ಜೇಬಿಗಿಳಿಸಿದ. ಬೀಗತನದ ಪ್ರೀತಿಗೆ ಎದುರಾಡುವಂತಿಲ್ಲ. ಊಟ ಮುಗಿಸಿ ಬಂದು ಕೀಲಿ ತಿರುವಿದರೆ ಗಾಡಿ "ಕಟ್ ಕಟ್ ಕಟ್" ಎಂದು ಹಲ್ಲು ಕಡಿಯಿತು.

ಬಾನೆಟ್ ಎತ್ತಿದ ಕಾರಿನ ಸುತ್ತ ಜನ ಎಲ್ಲಿಂದ ಬರುತ್ತಾರೋ! "ಬ್ಯಾಟರಿಗೆ ನೀರ್ ಹಾಕ್ರಿ" ಎಂದರು ಒಬ್ಬ ಹಿರಿಯರು. ಅದು ನೀರು ಹಾಕಲು ಬಾಯಿಯೇ ಇಲ್ಲದ ಸೀಲ್ಡ್ ಬ್ಯಾಟರಿ. "ಹೊಸಾದೇ ತರಸ್ರಿ, ಇದರ ಆಯುಷ್ಯ ಮುಗದದ" ಎಂದರು ಇನ್ನೊಬ್ಬರು, ಡಾಕ್ಟರರ ಧಾಟಿಯಲ್ಲಿ. ಬಾಳೆಹಣ್ಣು ಮಾರುವ ಅಜ್ಜಿ ದೃಷ್ಟಿ ತೆಗೆಯಿರಿ ಎಂದಳು. ಹಾಗೆ ಹೇಳುತ್ತಲೇ ಒಂದು ಚಿಪ್ಪು ಕೆಂಪು ಬಾಳೆ ನನ್ನ ಕೈಗಿಟ್ಟು ದುಡ್ಡೆಣಿಸಿಕೊಂಡಳು. ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ. ಊರಿನ ಸಲಹೆಗಳಿಗೂ ಅದನ್ನು ಕೊಡಬಹುದು.

ಕೊನೆಗೆ ಒಂದು ಟ್ರ್ಯಾಕ್ಟರ್ ಬಂತು. ಅದರ ಬ್ಯಾಟರಿಯಿಂದ ವಾಯರ್ ಎಳೆದು ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಗಾಡಿ ಚಾಲೂ! "ನಾ ಹೇಳಿದ್ದಿಲ್ಲೇನು, ಬ್ಯಾಟರಿನೇ!" ಎಂದು ಐದಾರು ಜನ ಒಟ್ಟಿಗೆ ಗೆದ್ದರು. ಒಬ್ಬ ಧೈರ್ಯಶಾಲಿ ಪಾನಾ ಹಿಡಿದು ಮುಂದೆ ಬಂದ. "ಚಾಲೂ ಇದ್ದಾಗಲೇ ಬ್ಯಾಟರಿ ವಾಯರ್ ಬಿಚ್ಚೂಣು. ಬಂದ್ ಆದ್ರ ಡೈನಮೋ ಹೋಗ್ಯದ ಅಂತ ತಿಳೀರಿ." ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಆಲ್ಟರ್ನೇಟರ್ ಇಂದಿಗೂ ಡೈನಮೋ. ಹಳೆಯ ಗಾಡಿಗಳಲ್ಲಿ ಈ ಪರೀಕ್ಷೆ ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಹಾಗೆ ಬಿಚ್ಚಿದರೆ ವೋಲ್ಟೇಜು ಒಮ್ಮೆಲೇ ನೆಗೆದು, ಒಳಗಿನ ಕಂಪ್ಯೂಟರನ್ನೇ ಸುಟ್ಟುಬಿಡಬಹುದು. ನಾನು ಬಾನೆಟ್ಟಿಗೆ ಅಡ್ಡ ನಿಂತೆ.

ಅಷ್ಟರಲ್ಲಿ ಆಟೋ ಎಲೆಕ್ಟ್ರಿಷಿಯನ್ ಹುಡುಗನೊಬ್ಬ ಮೀಟರ್ ಹಿಡಿದು ಬಂದ. ಹೆಚ್ಚು ಮಾತಿಲ್ಲ. ಎಂಜಿನ್ ಓಡುತ್ತಿದ್ದಾಗಲೇ ಬ್ಯಾಟರಿಯ ಎರಡು ತುದಿಗೆ ಮೀಟರಿನ ಕಡ್ಡಿ ಮುಟ್ಟಿಸಿದ: 11.9 ವೋಲ್ಟ್, ಅದೂ ಇಳಿಯುತ್ತಿತ್ತು. 14ರ ಆಸುಪಾಸು ಇರಬೇಕಾದ್ದು. ಆಮೇಲೆ ಆಲ್ಟರ್ನೇಟರಿನ ಬೆನ್ನಿಗೆ ಸ್ಕ್ರೂ ಡ್ರೈವರಿನ ತುದಿ ಹಿಡಿದ. ಒಳಗಿನ ಸುರುಳಿಗೆ ಕರೆಂಟು ಹೋಗುತ್ತಿದ್ದರೆ ಅದು ಅಯಸ್ಕಾಂತವಾಗಿ ಕಬ್ಬಿಣವನ್ನು ಎಳೆಯಬೇಕು. ಎಳೆಯಲಿಲ್ಲ.

"ಬ್ಯಾಟರಿದು ತಪ್ಪಿಲ್ರಿ ಸರ್. ಡೈನಮೋ ಚಾರ್ಜ್ ಮಾಡವಲ್ದು."

ಜನ ನಿರಾಸೆಯಿಂದ ಚದುರಿದರು.

ಅವನೇ ಚಾರ್ಜ್ ಆದ ಬೇರೆ ಬ್ಯಾಟರಿ ಕೊಟ್ಟು ಕಳಿಸಿದ. ಕತ್ತಲಾಗುವ ಮುಂಚೆ, ಎ.ಸಿ. ಇಲ್ಲದೆ, ಹಾರ್ನೂ ಇಲ್ಲದೆ ಕಲಬುರಗಿ ಸೇರಿದೆವು. ಹಾರ್ನ್ ಹೊಡೆಯದೆ ಸೂಪರ್ ಮಾರ್ಕೆಟ್ ದಾಟಿದವರು ನಮ್ಮೂರಲ್ಲಿ ಬಹಳ ಇರಲಾರರು. ಜನ ತಿರುಗಿ ತಿರುಗಿ ನೋಡಿದರು.

ಒಂದು ಸರ್ವೀಸ್ ಸೆಂಟರಿನಲ್ಲಿ ಇಡೀ ಆಲ್ಟರ್ನೇಟರ್ ಬದಲಿಸಬೇಕೆಂದು ರೇಟು ಹೇಳಿದರು. ಕೇಳಿ, ಅವರು ಕೊಟ್ಟ ನೀರು ಕುಡಿದು ಎದ್ದು ಬಂದೆ. ಆಮೇಲೆ ಸಿಕ್ಕವರು ಉಸ್ತಾದ್. ಹಳೆಯ ಪೇಪರ್ ಹಾಸಿ ಅದರ ಮೇಲೆ ಆಲ್ಟರ್ನೇಟರನ್ನು ಬಿಚ್ಚಿದರು; ಕಪ್ಪು ಪುಡಿ ಬೊಗಸೆಯಷ್ಟು ಬಿತ್ತು. "ಕಾರ್ಬನ್ ಖಲಾಸ್ ಹೋಗಯಾ ಸಾಬ್" ಎಂದರು. ತಿರುಗುವ ಸುರುಳಿಗೆ ಕರೆಂಟು ಮುಟ್ಟಿಸುವ ಎರಡು ಪುಟ್ಟ ಕಾರ್ಬನ್ ತುಂಡುಗಳು ಉಗುರಿನಷ್ಟಕ್ಕೆ ಸವೆದಿದ್ದವು. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವ, 1960ರಲ್ಲಿ ಕ್ರೈಸ್ಲರ್ ಕಂಪನಿ ವೇಲಿಯಂಟ್ ಕಾರಿಗೆ ಕೂರಿಸಿದ ಯಂತ್ರ, ಎಲ್ಲವೂ ನಿಂತದ್ದು ಇಷ್ಟೇ ಇಷ್ಟು ಮಸಿಯ ಮೇಲೆ.

ಉಸ್ತಾದ್ ಚಾ ಕುಡಿಯುತ್ತ, ಕಾರ್ಬನ್ ತಾಗುವ ಸ್ಲಿಪ್ ರಿಂಗನ್ನು ಪಾಲಿಶ್ ಪೇಪರಿನಿಂದ ಉಜ್ಜಿದರು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬಿಸಿಲಿಗೆ ಮೊದಲು ಸಾಯುವವು ಇವೇ ಅಂತೆ, ನಮ್ಮವು ಬದುಕಿದ್ದವು. ಹೊಸ ಕಾರ್ಬನ್, ಒಂದು ಬೇರಿಂಗ್. ಬಿಲ್ಲು ಒಂದು ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆ. ಗಾಡಿ ಚಾಲೂ ಮಾಡಿದಾಗ ಮೀಟರ್ 14.2 ತೋರಿಸಿತು, ಕೆಂಪು ದೀಪ ಆರಿತು.

ಮರುದಿನ ಕಮಲಾಪುರದಿಂದ ಮಾವನವರ ಫೋನು. "ಹೊಸಾ ಬ್ಯಾಟರಿ ಎಷ್ಟಕ್ಕ ಬಂತ್ರಿ?"

ಓದುಗರೇ, ಕೆಲವು ನೂರು ರೂಪಾಯಿಗೆ ಮೀಟರ್ ಸಿಗುತ್ತದೆ. ಒಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳಿ. ಎಂಜಿನ್ ಬಂದ್ ಇದ್ದಾಗ 12.6ರ ಹತ್ತಿರ, ಓಡುವಾಗ 14ರ ಹತ್ತಿರ ಇರಬೇಕು. ಓಡುವಾಗಲೂ 13 ದಾಟದಿದ್ದರೆ ಬ್ಯಾಟರಿ ಅಂಗಡಿಗೆ ಹೋಗಬೇಡಿ, ಉಸ್ತಾದರ ಹತ್ತಿರ ಹೋಗಿ. ಕೀಲಿ ಮಾತ್ರ ಯಾರ ಕೈಗೂ ಕೊಡಬೇಡಿ.