ಸೆಂಡ್ ಆಗೇತಿ, ರಿಟರ್ನ್ ಬಂದಿಲ್ರಿ

ಪುಣೆಯ ಹಿಂಜವಾಡಿಯ ಮೂರನೇ ಫೇಸು, ಹನ್ನೊಂದನೇ ಮಹಡಿ. ಮನೆಯ ಮಾಲೀಕ ಹುಬ್ಬಳ್ಳಿಯ ಹುಡುಗ, ಸಾಫ್ಟ್‌ವೇರ್ ಸಪೋರ್ಟಿನಲ್ಲಿದ್ದಾನೆ. ‘ಆರಕ್ಕೆ ಬಂದುಬಿಡ್ತೀನಿ, ಕೀಲಿ ವಾಚ್‌ಮನ್ ಹತ್ರ ಇಸ್ಕೊಳ್ರಿ’ ಎಂದಿದ್ದವನು ಎಂಟಾದರೂ ಶಿವಾಜಿ ಚೌಕ ದಾಟಿರಲಿಲ್ಲ. ಮಾಣ್‌ನಿಂದ ಶಿವಾಜಿನಗರದವರೆಗಿನ 23 ಕಿ.ಮೀ. ಮೆಟ್ರೋದ ಯಾವುದೋ ಒಂದು ಕಂಬದ ಕೆಳಗೆ ಇರುವುದಾಗಿ ಮೆಸೇಜ್ ಬಂತು. ಕಂಬದ ನಂಬರನ್ನೂ ಕಳಿಸಿದ್ದ. ಅರ್ಧ ಗಂಟೆಯ ನಂತರವೂ ಅದೇ ನಂಬರು.

ಗೋಡೆಗೆ ನೇತುಹಾಕಿದ ಗಿಟಾರು. ಅದರ ಕೆಳಗೆ ನೆಲದ ಮೇಲೆ ಕಪ್ಪು ಪೆಟ್ಟಿಗೆ. ಕಾಲಿನಿಂದ ತುಳಿಯಲು ಗುಂಡಿಗಳು, ಬಣ್ಣದ ಪರದೆ, ಬೆನ್ನಿಗೆ ಇಪ್ಪತ್ತು ತೂತು. ಆಂಪ್ ಮಾಡೆಲರ್ ಎನ್ನುತ್ತಾರೆ. ಹಳೆಯ ವಾಲ್ವ್ ಆಂಪ್ಲಿಫೈಯರು, ಅದರ ಸ್ಪೀಕರು, ಆ ಸ್ಪೀಕರಿನ ಮುಂದಿಟ್ಟ ಮೈಕು, ಇಷ್ಟರ ದನಿಯನ್ನೂ ಲೆಕ್ಕ ಹಾಕಿಯೇ ಹುಟ್ಟಿಸುವ ಯಂತ್ರ. ಮಾತಾಡಲು ಬೇರೆ ಯಾರೂ ಇರಲಿಲ್ಲ.

ನಾನು: ನಮಸ್ಕಾರ. ನಿಮ್ಮ ಹುಟ್ಟೂರು?

ಪೆಟ್ಟಿಗೆ: ಫ್ಯಾಕ್ಟರ್‍ಯಾಗ ಹುಟ್ಟಿದವರಿಗೆ ಎಲ್ಲಿ ಊರ್ರಿ. ಕುಂದರ್‍ರಿ. ಆ ಕೇಬಲ್ ತುಳಿಬ್ಯಾಡ್ರಿ.

ನಾನು: ಆದರೆ ನಿಮ್ಮ ಕನ್ನಡ ಹುಬ್ಬಳ್ಳಿ ಕಡೆಯದು!

ಪೆಟ್ಟಿಗೆ: ಅನುಕರಣೆ ನನ್ನ ಕಸುಬರಿ. ದಿನಾ ರಾತ್ರಿ ಇವ ಅವ್ವನ ಫೋನ್ ಸ್ಪೀಕರಿಗೆ ಹಾಕಿರ್ತಾನ. ಆಕಿ ದನಿ ಕೇಳಿ ಕಲ್ತೆ. ಒಂದೊಂದ್ಸಲ ಅವಗ ಬೈಯಾಕ ನನಗೂ ಬಾಯಿ ಬರ್ತೇತಿ.

ನಾನು: ನಕಲಿ ಅನ್ನುವ ಆರೋಪವಿದೆಯಲ್ಲ ನಿಮ್ಮ ಮೇಲೆ?

ಪೆಟ್ಟಿಗೆ: ಮುಚ್ಚಿಡೂದೇನೈತಿ? ನಮ್ಮ ವಂಶದಾಗ 1995ರಾಗ ರೋಲ್ಯಾಂಡ್ ವಿಜಿ-8 ಬಂತು. 1998ರಾಗ ಲೈನ್ 6 ಕಂಪನಿಯ ಪಾಡ್. ಕೆಂಪನ್ನ ಬಣ್ಣ, ದೊಡ್ಡ ಅವರಿಕಾಳಿನ ಆಕಾರ. ಆಟಿಗಿ ಸಾಮಾನು ಅಂತ ನಕ್ಕವರು ಭಾಳ. ನಿಮ್ಮ ಬೆಂಗಳೂರಾಗ ಅದಕ್ಕೂ ಮೊದಲ, 1979ರ ಸುಮಾರಿಗೆ, ಜಿ. ರಾಜನಾರಾಯಣ್ ಅನ್ನೂ ಎಂಜಿನಿಯರು ರಾಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗಿ ಮಾಡಿದ್ರು. ಸ್ವತಃ ಕೊಳಲು ನುಡಿಸೂ ಮನುಷ್ಯ. ಈಗ ಸಂಗೀತ ಕ್ಲಾಸಿನ್ಯಾಗ ಫೋನು ತಂಬೂರಿ ನುಡಿಸ್ತೇತಿ, ಮಿರಜಿನ ತಂಬೂರಿ ಗವಸು ಹಾಕ್ಕೊಂಡು ಮೂಲ್ಯಾಗ ನಿಂತೇತಿ. ಯಾರೂ ಕಮಕ್ ಕಿಮಕ್ ಅನ್ನೂದಿಲ್ಲ. ನಾ ಗಿಟಾರಿಗೆ ಅದನ್ನ ಮಾಡಿದ್ರ ‘ಜೀವ ಇಲ್ಲ’ ಅಂತಾರ.

ನಾನು: ನಿಮ್ಮ ಆಂಪುಗಳ ಪಟ್ಟಿಯಲ್ಲಿ ಮಾರ್ಷಲ್, ಫೆಂಡರ್ ಕಂಪನಿಗಳ ಹೆಸರು ಕಾಣಲೇ ಇಲ್ಲ.

ಪೆಟ್ಟಿಗೆ: ಟ್ರೇಡ್‌ಮಾರ್ಕ್ ಅಡ್ಡ ಬರ್ತೇತ್ರಿ. ಹಿಂಗಾಗಿ ಒಂದಕ್ಕ ‘ಬ್ರಿಟ್’, ಇನ್ನೊಂದಕ್ಕ ‘ಯುಎಸ್’. ಬೇನಾಮಿ ಆಸ್ತಿ ಇದ್ದಂಗ, ಊರಿಗೆಲ್ಲಾ ಗೊತ್ತು, ಕಾಗದದಾಗ ಇಲ್ಲ. ಈ ಸೊಸೈಟಿ ಹೆಸರು ಓದಿದ್ರಿಲ್ಲೋ? ಇಟಲಿ ಊರಿಂದು. ನೀರು ಟ್ಯಾಂಕರಿಂದು.

ನಾನು: ನಿಮ್ಮೊಳಗಿನ ದಾರಿಯನ್ನು ಸ್ವಲ್ಪ ಹೇಳಿ.

ಪೆಟ್ಟಿಗೆ: ಎಡಕ್ಕ ಗಿಟಾರ್ ಹೊಗತೇತಿ. ಮೊದಲ ಗೇಟ್, ಅಂದ್ರ ವಾಚ್‌ಮನ್. ಸಣ್ಣಪುಟ್ಟ ಗದ್ಲಾನ ಬಾಗಲಾಗ ತಡೀತಾನ. ಆಮ್ಯಾಲ ಕಂಪ್ರೆಸರ್, ದನಿ ಒರಟು ಮಾಡೂ ಡ್ರೈವ್, ಆಂಪ್, ಕ್ಯಾಬ್ ಅಂದ್ರ ಸ್ಪೀಕರಿನ ಪೆಟ್ಟಿಗಿ, ಡಿಲೇ, ಕಡೀಕ ಗುಂಗು ಹಚ್ಚೂ ರಿವರ್ಬ್. ಸಾಲು ಬದಲಿ ಮಾಡಿದ್ರ ದನೀನೂ ಬದಲಿ. ರಿವರ್ಬ್ ಒಯ್ದು ಡ್ರೈವಿಗಿಂತ ಮೊದಲ ಇಟ್ರ ಒಗ್ಗರಣಿ ಕೊಟ್ಟಮ್ಯಾಲ ಸಾರು ರುಬ್ಬಿದಂಗ ಆಗ್ತೇತಿ. ಕೆಲವರು ಬೇಕಂತ ಹಂಗ ಇಡ್ತಾರ, ಚಂದನೂ ಇರ್ತೇತಿ. ಇವ ಬೇಕಂತ ಇಟ್ಟಿದ್ದಲ್ಲ.

ಅದೂ ಅಲ್ದ ಇವಗ ಒಂದ ದಾರಿ ಸಾಲೂದಿಲ್ಲ. ಕವಲು ಒಡಿತಾನ. ಮ್ಯಾಲಿಂದ್ರಾಗ ಒಂದು ಆಂಪು, ಕೆಳಗಿಂದ್ರಾಗ ಇನ್ನೊಂದು. ಕಡೀಕ ಎರಡೂ ಕೂಡಬೇಕಲ್ರಿ? ಒಂದು ಕೂದಲೆಳೆಯಷ್ಟು ತಡಾ ಆಗಿ ಬಂದ್ರ ಇದರ ಏರು ಅದರ ಇಳಿತದ ಮ್ಯಾಲ ಬಿದ್ದು, ಎರಡೂ ಒಂದನ್ನೊಂದು ತಿಂದು, ದನಿ ಟೊಳ್ಳು ಬೀಳ್ತೇತಿ. ವಾಕಡ ಸೇತುವಿ ಕೆಳಗ ಎರಡು ರಸ್ತಾ ಕೂಡೂ ಕಡೆ ನಿಂತು ನೋಡ್ರಿ. ಎರಡರಾಗೂ ಗಾಡಿ ಅದಾವ; ಮುಂದ ಹೋಗೂದು ಮಾತ್ರ ಏನೂ ಇಲ್ಲ.

ನಾನು: ಹೋದ ಸಲ ಅವರು ನಿಮ್ಮನ್ನು ಗೆಳೆಯನ ದೊಡ್ಡ ಆಂಪಿಗೆ ಜೋಡಿಸಿದ್ದರಂತೆ. ‘ದನಿ ಮಂಕು’ ಎಂದು ದೂರಿದರು.

ಪೆಟ್ಟಿಗೆ: ನನ್ನೊಳಗ ಕ್ಯಾಬ್ ಚಾಲೂ ಇಟ್ಟು, ಹೊರಗ ಖರೇನ ಸ್ಪೀಕರ್ ಹಚ್ಚಿದ್ರ ಕಂಬಳಿ ಮ್ಯಾಲ ಕಂಬಳಿ ಹೊಚ್ಚಿದಂಗ. ಬ್ಯಾಸಿಗ್ಯಾಗ.

ನಾನು: ಇನ್ನೊಂದು ದೂರು. ತಂತಿ ಮೀಟಿದ ಮೇಲೆ ದನಿ ತಡವಾಗಿ ಬರುತ್ತದೆ ಅಂತ.

ಪೆಟ್ಟಿಗೆ: (ಪರದೆ ಒಂದು ಕ್ಷಣ ಕೆಂಪಾಯಿತು) ನನ್ನೊಳಗ ಹೊಕ್ಕು ಹೊರಗ ಬರಾಕ ಎರಡೋ ಮೂರೋ ಮಿಲಿಸೆಕೆಂಡ್. ಅಷ್ಟರಾಗ ಶಬ್ದ ಗಾಳ್ಯಾಗ ಒಂದು ಮೀಟರ್ ಹೋಗ್ತೇತಿ. ಅಂದ್ರ ಆಂಪಿನಿಂದ ಒಂದು ಹೆಜ್ಜಿ ಹಿಂದ ಸರಿದು ನಿಂತಂಗ, ಅಷ್ಟ. ಇವ ಏನು ಮಾಡ್ತಾನ? ಹತ್ತರ ಮ್ಯಾಲ ಗದ್ಲ ಮಾಡಬಾರದು ಅಂತ ಸೊಸೈಟಿ ನೋಟಿಸ್ ಐತಲ್ಲ, ಬ್ಲೂಟೂತ್ ಹೆಡ್‌ಫೋನ್ ಹಾಕ್ಕೋತಾನ. ಅದು ಒಂದೊಂದು ಸಲ 200 ಮಿಲಿಸೆಕೆಂಡ್ ತಿಂತೇತಿ. ಲೆಕ್ಕ ಮಾಡ್ರಿ, ಸುಮಾರು 70 ಮೀಟರ್. ಇವ ಎದುರಿನ ಟವರಿನ್ಯಾಗ ನಿಂತು ಬಾರಿಸಿದ್ದನ್ನ ಇಲ್ಲಿ ಕುಂತು ಕೇಳಿದಂಗ. ವಾಯರಿನ ಹೆಡ್‌ಫೋನ್ ಕಪಾಟಿನ್ಯಾಗ ಐತಿ. ಚಂದ ಕಾಣೂದಿಲ್ಲಂತ.

ನಾನು: ಈ ಗುಂಯ್‌ಗುಡುವಿಕೆ?

ಪೆಟ್ಟಿಗೆ: ಹಮ್ಮರಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಬಾಸ್ ಗಿಟಾರಿನ ಕೆಳಗಿನ ಜಿ ಸ್ವರಕ್ಕ ಹತ್ತಿರ, ಒಂಚೂರು ಏರು. ಪುಕ್ಕಟೆ ತಂಬೂರಿ, ಆದ್ರ ಶ್ರುತಿ ತಪ್ಪಿದ್ದು. ನನ್ನ ವಾಯರ್ ಒಂದು ಪ್ಲಗ್ಗಿಗೆ, ಲ್ಯಾಪ್‌ಟಾಪಿಂದು ಆ ಗೋಡಿ ಪ್ಲಗ್ಗಿಗೆ, ನಡುವ ಯುಎಸ್‌ಬಿ. ಅರ್ಥಿಂಗ್ ಎರಡು ದಾರಿಲೆ ಸುತ್ತಿ ಗಂಟಾಗೇತಿ. ಎರಡನ್ನೂ ಒಂದ ಬೋರ್ಡಿಗೆ ಹಚ್ಚಿದ್ರ ಭಾಳಷ್ಟು ಕಡಿಮಿ ಆಗ್ತೇತಿ. ಇವ ಇಕ್ಕಳ ಹಿಡಕೊಂಡು ಅರ್ಥ್ ಪಿನ್ ಮುರಿಯಾಕ ಬಂದಿದ್ದ. ಬ್ಯಾಡಪಾ, ಹಮ್ ಹೋಗ್ತೇತಿ, ಅದರ ಜೋಡಿ ನೀನೂ ಹೋಗ್ತಿ.

ಈ ಪುಣೆ ಭೀಮಸೇನ ಜೋಶಿಯವರು ಬಾಳಿದ ಊರ್ರಿ. ಗದಗ ಕಡೆಯಿಂದ ಬಂದವರು, 1953ರಾಗ ಗುರುಗಳ ಹೆಸರಿಲೆ, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಹೆಸರಿಲೆ, ಇಲ್ಲಿ ಉತ್ಸವ ಚಾಲೂ ಮಾಡಿದ್ರು. ಯಾವ ಗವಾಯಿನೂ ತಂಬೂರಿ ಶ್ರುತಿ ಸೇರೂತನಕ ಬಾಯಿ ತೆಗಿಯೂದಿಲ್ಲ. ನಮ್ಮಾಂವ ಹಮ್ಮಿನ ಮ್ಯಾಲ ಮೂರು ಡಿಸ್ಟಾರ್ಶನ್ ಏರಿಸಿ ‘ಟೋನ್ ಸಿಗವಲ್ದು’ ಅಂತಾನ.

ನಾನು: ಈಗಂತೂ ಹಮ್ ಬಿಟ್ಟರೆ ಏನೂ ಕೇಳುತ್ತಿಲ್ಲ. ಗಿಟಾರ್ ಮೀಟಿ ನೋಡಿದೆ.

ಪೆಟ್ಟಿಗೆ: ಒಂಬತ್ತು ದಿನ ಆತ್ರಿ. ಮೊದಲ ದಿನ ಆಫ್ ಮಾಡಿ ಆನ್ ಮಾಡಿದ. ಎರಡನೇ ದಿನ ಫರ್ಮ್‌ವೇರ್ ಹೊಸದು ಹಾಕಿದ. ಮೂರನೇ ದಿನ ಹೊಸ ಕ್ಯಾಬ್ ಫೈಲ್ ರೊಕ್ಕ ಕೊಟ್ಟು ತರಿಸಿದ. ದನೀನ ಇಲ್ದಾಗ ಯಾವ ಕ್ಯಾಬಾದ್ರೇನ್ರಿ? ಐದನೇ ದಿನ ಫ್ಯಾಕ್ಟರಿ ರೀಸೆಟ್. ಆಗ ಬಂತು ನೋಡ್ರಿ ದನಿ! ಹತ್ತು ನಿಮಿಷ ಕುಣದಾಡಿದ. ಆಮ್ಯಾಲ ಬ್ಯಾಕಪ್‌ನಿಂದ ತಾ ಜೋಡಿಸಿಟ್ಟಿದ್ದ ಸಾಲು, ಅಂದ್ರ ಪ್ರಿಸೆಟ್, ತಂದು ವಾಪಸ್ ಕೂಡಿಸಿದ. ಮತ್ತ ಗಪ್‌ಚುಪ್. ರೋಗಾನೂ ಜ್ವಾಪಾನ ಮಾಡಿ ಬ್ಯಾಕಪ್ ತಗೊಂಡಿದ್ದ.

ನಾನು: ಹಾಗಾದರೆ ರೋಗ ಯಾವುದು?

ಪೆಟ್ಟಿಗೆ: ಆಫೀಸಿನ ಗೆಳೆಯಾ ಒಂದು ಡಿಲೇ ಪೆಡಲ್ ಕೊಟ್ಟಿದ್ದ. ಅದಕ್ಕಂತ ಸಾಲಿನ ನಡುವ ಲೂಪ್ ಬ್ಲಾಕ್ ಇಟ್ಟ. ಸೆಂಡ್ ತೂತಿನಿಂದ ದನಿ ಹೊರಗ ಹೋಗಿ, ಪೆಡಲ್ ಹೊಕ್ಕು, ರಿಟರ್ನ್ ತೂತಿನಿಂದ ಒಳಗ ಬರಬೇಕು. ಗೆಳೆಯಾಗ ಬೆಂಗಳೂರಿಗೆ ವರ್ಗ ಆತು, ಪೆಡಲ್ ತಗೊಂಡು ಹೋದ. ಪೆಡಲ್ ಹೋತು, ಲೂಪ್ ಉಳೀತು. ಸೆಂಡ್ ಆಗಾಕ ಹತ್ತೇತಿ. ರಿಟರ್ನಿನ್ಯಾಗ ಬರೇ ಗಾಳಿ.

ನಾನು: ಹುಡುಕುವುದು ಅಷ್ಟು ಕಷ್ಟವೇ?

ಪೆಟ್ಟಿಗೆ: ಐದು ನಿಮಿಷದ ಕೆಲಸ. ಟ್ಯೂನರ್ ಹಚ್ಚು, ಸೂಜಿ ಅಳ್ಳಾಡಿದ್ರ ಗಿಟಾರು, ಕೇಬಲ್ಲು, ಇನ್‌ಪುಟ್ಟು ಸುದ್ದ ಅದಾವಂತ. ಖಾಲಿ ಪ್ರಿಸೆಟ್ ತಗಿ. ದನಿ ಬಂದ್ರ ಔಟ್‌ಪುಟ್ಟೂ ಸ್ಪೀಕರೂ ಸುದ್ದ. ಉಳಿದದ್ದು ನಡುವಿನ ಸಾಲು. ಎಡದಿಂದ ಬಲಕ್ಕ ಒಂದೊಂದ ಬ್ಲಾಕ್ ಬೈಪಾಸ್ ಮಾಡ್ತ ಹೋಗು.

ನಾನು: ಆಫೀಸಿನಲ್ಲಿ ಅವರು ಮಾಡುವುದೂ ಇದನ್ನೇ ಅಲ್ಲವೇ?

ಪೆಟ್ಟಿಗೆ: ಅದನ್ನ! ಅಮೆರಿಕದ ಯಾವುದೋ ಬ್ಯಾಂಕಿನ ಸರ್ವರ್ ಬಿದ್ರ ರಾತ್ರಿ ಎರಡಕ್ಕ ಎದ್ದು ಲಾಗ್ ಓದಿ, ಮುಂಜಾನಿಗೆ ‘ಮೂಲ ಕಾರಣ’ ಅಂತ ನಾಕು ಪುಟ ಬರೀತಾನ. ಕ್ಲೈಂಟ್ ಶಾಬಾಸ್ ಅಂತಾರ. ಅದು ಮಂದಿ ಕಟ್ಟಿದ ದಾರಿರಿ. ಇದು ತಾ ಕಟ್ಟಿದ್ದು, ಇದರಾಗ ತಪ್ಪು ಹೆಂಗ ಇದ್ದೀತು?

ಅವ್ವನೂ ಮೊನ್ನೆ ಫೋನಿನ್ಯಾಗ ಇಂಥಾದ್ದೊಂದು ಮೂಲ ಕಾರಣ ಕೇಳಿದ್ಲು. ‘ಒಂದು ವರ್ಷ ಅಂತ ಪುಣೆಕ್ಕ ಹೋಗಿ ಆರು ವರ್ಷಾತು, ವಾಕಡದಾಗ ರಾತ್ರಿ ಬಸ್ ಹತ್ತಿದ್ರ ಮುಂಜಾನೆ ಹುಬ್ಬಳ್ಳಿ, ಏನಡ್ಡಿ ನಿನಗ?’ ಅಂತ. ಈ ಮಹಾಶಯ ‘ನೆಟ್‌ವರ್ಕ್ ಇಲ್ಲವ್ವಾ, ಕಟ್ ಆಗಾಕ ಹತ್ತೇತಿ’ ಅಂದ. ಐದು ಕಡ್ಡಿ ಇದ್ವು, ನಾ ನೋಡೇನಿ.

ಬಾಗಿಲು ತೆರೆಯಿತು. ಹೆಲ್ಮೆಟ್ ಕೈಯಲ್ಲಿ, ಕೊರಳಲ್ಲಿ ಇನ್ನೂ ಐಡಿ ಕಾರ್ಡು. ‘ಸಾರಿ ಸರ್, ಮೂರು ಕಿಲೋಮೀಟರಿಗೆ ಒಂದೂವರೆ ತಾಸು.’ ಚಹಾಕ್ಕೆ ನೀರಿಟ್ಟ. ನಾನು ಗಂಟಲು ಸರಿಮಾಡಿಕೊಂಡು, ಗಿಟಾರಿನ ಬಗ್ಗೆ ಬಹಳ ತಿಳಿದವನಂತೆ ಹೇಳಿದೆ: ‘ಆ ಲೂಪ್ ಬ್ಲಾಕ್ ಒಂದನ್ನು ಬೈಪಾಸ್ ಮಾಡಿ ನೋಡಬಹುದಲ್ಲ?’

ಅವನು ಕನಿಕರದಿಂದ ನಕ್ಕ. ‘ಅದೆಲ್ಲಾ ಬೇಸಿಕ್ ಸರ್, ಅಲ್ಲಿ ಇರೂದಿಲ್ಲ ಪ್ರಾಬ್ಲಮ್ಮು. ಇವತ್ತ ಮಧ್ಯಾಹ್ನ ಹೊಸ ಫರ್ಮ್‌ವೇರ್ ಬಿಟ್ಟಾರ. ಅದನ್ನ ಹಾಕಿ ನೋಡೂಣು.’

ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು, ಮತ್ತೆ ಆ ಗೋಡೆಯ ಪ್ಲಗ್ಗಿಗೇ ಹಾಕಿದ. ಗುಂಯ್ ಎಂದಿತು. ಪರದೆಯ ಮೇಲೆ ‘ಸ್ವಿಚ್ ಆಫ್ ಮಾಡಬೇಡಿ’ ಎಂದು ಮೂಡಿ, ನಾಲ್ಕು ಪರ್ಸೆಂಟಿನಲ್ಲಿ ನಿಂತಿತು. ಚಹಾ ಮುಗಿಯುವ ಹೊತ್ತಿಗೆ ಏಳು. ನನಗೆ ವಾಕಡದಲ್ಲಿ ಹತ್ತೂವರೆಯ ಬಸ್ಸಿತ್ತು.