ಗೋಡೆಡಬ್ಬಿ ಮೀಮಾಂಸೆ

ಇನ್ನು ಶೈತ್ಯದ ಜಿಜ್ಞಾಸೆ. 'ಇನ್ನು' ಎಂದರೆ ಕಲಬುರಗಿಯಲ್ಲಿ ಶಿವರಾತ್ರಿ ಕಳೆದ ಮೇಲೆ ಎಂದು ಅರ್ಥ ಮಾಡಿಕೊಳ್ಳತಕ್ಕದ್ದು. ಅದಕ್ಕೆ ಮೊದಲು ಈ ಶಾಸ್ತ್ರಕ್ಕೆ ಶ್ರೋತೃಗಳು ಸಿಗುವುದಿಲ್ಲ.

ಯಾವ ಶಾಸ್ತ್ರಕ್ಕೂ ಅನುಬಂಧ ಚತುಷ್ಟಯ ಬೇಕು. ಇಲ್ಲಿ ಅಧಿಕಾರಿ ಯಾರೆಂದರೆ, ಹೊರಗೆ 42 ಡಿಗ್ರಿ ಸುಡುತ್ತಿರುವಾಗ ಎ.ಸಿ. ರೂಮಿಗೆಂದು ಮುಂಗಡ ಕೊಟ್ಟು, ಒಳಗೆ ಕಾಲಿಟ್ಟು, ಗೋಡೆಯ ಡಬ್ಬಿಯಲ್ಲಿ 18 ಎಂಬ ಅಂಕಿಯನ್ನೂ ತನ್ನ ಹಣೆಯಲ್ಲಿ ಬೆವರನ್ನೂ ಏಕಕಾಲಕ್ಕೆ ಕಂಡವನು. ವಿಷಯ, ಆ ಡಬ್ಬಿ, ಎಂದರೆ ಥರ್ಮೋಸ್ಟಾಟ್. ಪ್ರಯೋಜನ, ನಿದ್ರೆ. ಸಂಬಂಧ, ಡಬ್ಬಿಯ ಬೆನ್ನಿನಿಂದ ಹೊರಟು ಗೋಡೆಯೊಳಗೆ ಮಾಯವಾಗುವ ತಂತಿ. ರಿಮೋಟಿನಿಂದ ನಡೆಯುವ ಸ್ಪ್ಲಿಟ್ ಎ.ಸಿ.ಗಳು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. ರಿಮೋಟು ದಿಂಬಿನಡಿ ಸೇರಿಕೊಳ್ಳುವುದೇ ಅವುಗಳ ಮುಖ್ಯ ವ್ಯಾಧಿ. ಅದರ ಚಿಕಿತ್ಸೆ ಮನೆಯ ಹೆಂಗಸರಿಗೆ ಗೊತ್ತು.

ಡಬ್ಬಿಯ ಮೂಲವನ್ನು ಅರಿಯದೆ ದೋಷ ಅರಿಯಲಾಗದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ, ಶಿಕ್ಷಕರನ್ನು ತರಬೇತುಗೊಳಿಸುವ ಶಾಲೆಯೊಂದರಲ್ಲಿ, ವಾರೆನ್ ಜಾನ್ಸನ್ ಎಂಬ ಪ್ರಾಧ್ಯಾಪಕರಿದ್ದರು. ಚಳಿಗಾಲದಲ್ಲಿ ಜವಾನನು ಮತ್ತೆ ಮತ್ತೆ ತರಗತಿಗೆ ಬಂದು ಉಷ್ಣಮಾಪಕ ನೋಡಿ, ನೆಲಮಾಳಿಗೆಗೆ ಇಳಿದು ಬಿಸಿಗಾಳಿಯ ಬಾಗಿಲು ಸರಿಪಡಿಸಬೇಕಿತ್ತು. ಪಾಠಕ್ಕೆ ಭಂಗ. ಜಾನ್ಸನ್ 1883ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಸಾಧನವು ಕೋಣೆಯ ಶಾಖ ಹದ ತಪ್ಪಿದಾಗ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುತ್ತಿತ್ತು, ಅಷ್ಟೇ. ಬಾಗಿಲು ತಿರುಗಿಸಲು ಜವಾನನೇ ಬೇಕಿತ್ತು. ಸಂಶೋಧಕರು ಈ ಸಂಗತಿಯನ್ನು ಹಗುರವಾಗಿ ದಾಟಿಹೋಗುತ್ತಾರೆ. ನಮ್ಮ ಇಡೀ ಸಿದ್ಧಾಂತ ನಿಂತಿರುವುದು ಇದರ ಮೇಲೆ. ಡಬ್ಬಿಯು ಕೆಲಸ ಮಾಡುವುದಿಲ್ಲ, ದೂರು ಹೇಳುತ್ತದೆ. ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ ನೆಲೆ ಕಂಡವರಿಗೆ ಮುಂದಿನದು ಸುಲಭ: ಅರ್ಜಿ ಬರೆಯಲೇ ಇಲ್ಲವೋ, ಬರೆದದ್ದು ತಲುಪಲಿಲ್ಲವೋ, ತಲುಪಿಯೂ ಯಾರೂ ಕದಲಲಿಲ್ಲವೋ? ದೋಷನಿರ್ಣಯವೆಂದರೆ ಈ ಮೂರರಲ್ಲಿ ಯಾವುದೆಂದು ಹೇಳುವುದು.

ಆದರೆ ಸಿದ್ಧಾಂತಕ್ಕೆ ಮುನ್ನ ಪೂರ್ವಪಕ್ಷ. ಪೂರ್ವಪಕ್ಷಿಗಳಲ್ಲಿ ಅಗ್ರಗಣ್ಯರು ಗ್ಯಾಸ್‌ವಾದಿಗಳು. ಇವರ ಮತದಲ್ಲಿ ಜಗತ್ತಿನ ಸಕಲ ತಾಪಕ್ಕೂ ಕಾರಣ ಒಂದೇ.

"ಗ್ಯಾಸ್ ಖಾಲಿ ಆಗ್ಯಾದ ರೀ ಸಾಹೇಬ್ರ."

"ಫಿಲ್ಟರ್ ತೆಗೆದು ನೋಡಿದ್ರೇನಪಾ?"

"ಅದನ್ನೂ ನೋಡ್ತೀವಿ ರೀ. ಮೊದಲ ಗ್ಯಾಸ್ ಹಾಕೋಣು."

ಇದಕ್ಕೆ ಖಂಡನೆ. ಆರ್-32 ಆಗಲಿ ಆರ್-410ಎ ಆಗಲಿ, ಈ ಗ್ಯಾಸು ತಾಮ್ರದ ಮುಚ್ಚಿದ ಕೊಳವೆಯಲ್ಲಿ ಒಳಗೆ ಆವಿಯಾಗಿ, ಹೊರಗೆ ದ್ರವವಾಗಿ, ಮತ್ತೆ ಒಳಗೆ ಬರುತ್ತದೆ. ಪೆಟ್ರೋಲಿನಂತೆ ಉರಿದು ಹೋಗುವ ಪದಾರ್ಥ ಅದಲ್ಲ. ಖಾಲಿಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿದಲ್ಲಿ ಬಹಳ ಸಲ ಎಣ್ಣೆಯ ಜಿಡ್ಡು ಕಾಣುತ್ತದೆ. ತೂತು ಹುಡುಕಿ, ಬೆಸೆದು, ವ್ಯಾಕ್ಯೂಮ್ ಎಳೆದು, ಯಂತ್ರದ ಫಲಕದಲ್ಲಿ ಬರೆದಷ್ಟೇ ತೂಕದ ಗ್ಯಾಸು ತುಂಬಬೇಕು. ತೂತು ಬಿಟ್ಟು ಗ್ಯಾಸು ಮಾತ್ರ ತುಂಬುವವರು ಮರುವರ್ಷದ ಯುಗಾದಿಗೂ ಇದೇ ಬಿಲ್ಲನ್ನು ಇಂದೇ ಬರೆದಿಡಬಹುದು. ಗ್ಯಾಸ್‌ವಾದಿಯು ಕಾಯಿಲಿನ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಹೇತುವಾಗಿ ತೋರಿಸುತ್ತಾನೆ. ಆ ಹೇತು ಸವ್ಯಭಿಚಾರ, ಎಂದರೆ ಒಂದೇ ಮನೆಗೆ ನಿಷ್ಠವಲ್ಲದ್ದು. ಗ್ಯಾಸು ಕಡಿಮೆಯಾದರೂ ಮಂಜು ಕಟ್ಟುತ್ತದೆ, ಧೂಳು ಹಿಡಿದ ಫಿಲ್ಟರಿನಿಂದ ಗಾಳಿ ಕಟ್ಟಿಕೊಂಡರೂ ಕಟ್ಟುತ್ತದೆ. ಎರಡನೆಯದಕ್ಕೆ ತಂಪು ನಿಲ್ಲಿಸಿ ಫ್ಯಾನು ಮಾತ್ರ ಓಡಿಸಿ, ಮಂಜು ಕರಗಿಸಿ, ಫಿಲ್ಟರನ್ನು ನಲ್ಲಿಯ ಕೆಳಗೆ ತೊಳೆದರೆ ಮುಗಿಯಿತು. ಅದಕ್ಕೆ ಬಿಲ್ಲು ಬರೆಯಲು ಮನಸ್ಸು ಒಪ್ಪುವುದಿಲ್ಲ, ಅದೇ ತೊಡಕು.

ಎರಡನೆಯವರು ಷೋಡಶವಾದಿಗಳು. ಡಬ್ಬಿಯನ್ನು 16ಕ್ಕೆ ಇಳಿಸಿದರೆ ತಂಪು ಬೇಗ ಬರುತ್ತದೆ ಎಂಬುದು ಇವರ ದರ್ಶನ. ಇನ್ವರ್ಟರ್ ಯಂತ್ರಗಳಲ್ಲಿ ಈ ಮಾತಿಗೆ ಕೊಂಚ ಆಸ್ಪದವಿದೆ. ಆದರೆ ಹಳೆಯ ಬಗೆಯ ಕಂಪ್ರೆಸರ್‌ಗೆ ಓಡುವುದು, ನಿಲ್ಲುವುದು ಎರಡೇ ಗೊತ್ತು. ಕೋಣೆ 32ರಿಂದ 24ಕ್ಕೆ ಇಳಿಯುವ ವೇಗ ಡಬ್ಬಿ 24ರಲ್ಲಿದ್ದರೂ ಅದೇ, 16ರಲ್ಲಿದ್ದರೂ ಅದೇ. 2020ರ ಜನವರಿ 1ರಿಂದ ನಕ್ಷತ್ರ ಗುರುತಿನ ಕೋಣೆ ಎ.ಸಿ.ಗಳು ಚಾಲೂ ಆಗುವಾಗ 24 ಡಿಗ್ರಿ ತೋರಿಸಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಷೋಡಶವಾದಿಯು ಅದನ್ನು ಮತಭೇದವೆಂದು ಗೌರವಿಸಿ, ಗುಂಡಿಯನ್ನು ಎಂಟು ಸಲ ಒತ್ತುತ್ತಾನೆ.

ಮೂರನೆಯವರು ಕ್ಷಣಿಕವಾದಿಗಳು. ಬೌದ್ಧರಲ್ಲ. ಆಫ್ ಮಾಡಿ ಆನ್ ಮಾಡಿದ ಕ್ಷಣವೇ ಕಂಪ್ರೆಸರ್ ಏಳದಿದ್ದರೆ 'ಹೋಯ್ತು' ಎಂದು ಮತ್ತೆ ಆಫ್ ಮಾಡುವವರು. ಕಂಪ್ರೆಸರ್ ನಿಂತ ಮೇಲೆ ಕೊಳವೆಯ ಎರಡು ಕಡೆಯ ಒತ್ತಡ ಸಮವಾಗುವ ತನಕ ಮೋಟರಿಗೆ ತಿರುಗುವ ತ್ರಾಣವಿರುವುದಿಲ್ಲ. ಆದ್ದರಿಂದ ಬಹುತೇಕ ಡಬ್ಬಿಗಳು ಮೂರರಿಂದ ಐದು ನಿಮಿಷ ಬೇಕೆಂದೇ ಸುಮ್ಮನಿರುತ್ತವೆ. ಈ ಮೌನವನ್ನು ಮರಣವೆಂದು ಬಗೆದು ಎಷ್ಟು ನಿರ್ದೋಷಿ ಡಬ್ಬಿಗಳನ್ನು ಗೋಡೆಯಿಂದ ಕಿತ್ತಿದ್ದಾರೋ!

ಈಗ ಸಿದ್ಧಾಂತ. ಸೂತ್ರ: ಡಬ್ಬಿಗೆ ಗೋಡೆಯ ಸುಖ ಮಾತ್ರ ಗೊತ್ತು. ಭಾಷ್ಯ: ಮಂಚದ ಮೇಲಿರುವವನ ಮೈ ಅದಕ್ಕೆ ಅಪರಿಚಿತ. ಪಶ್ಚಿಮದ ಗೋಡೆಗೆ ಹೊಡೆದ ಡಬ್ಬಿ ಸಂಜೆ ಐದಕ್ಕೆ ಬಿಸಿಲುಂಡು, ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡಿರುವವರ ನಡುವೆಯೂ ಸೆಕೆಯ ದೂರು ಬರೆಯುತ್ತದೆ. ತಂಪುಗಾಳಿ ನೇರ ಮೇಲೆ ಬೀಳುವ ಡಬ್ಬಿ ಎರಡೇ ನಿಮಿಷಕ್ಕೆ ತೃಪ್ತಿಗೊಂಡು ಯಂತ್ರ ನಿಲ್ಲಿಸುತ್ತದೆ. ಎಲ್ಲಕ್ಕಿಂತ ಗೂಢವಾದದ್ದು ಡಬ್ಬಿಯ ಬೆನ್ನ ಹಿಂದಿನ ತೂತು. ತಂತಿ ಬರುವ ಪೈಪಿನಿಂದ ಫಾಲ್ಸ್ ಸೀಲಿಂಗಿನ ಬಿಸಿಗಾಳಿ ಇಳಿದು ಡಬ್ಬಿಯ ಬೆನ್ನಿಗೆ ಊದುತ್ತಿರುತ್ತದೆ. ಡಬ್ಬಿ ಆ ಗಾಳಿಯನ್ನೇ ಕೋಣೆ ಎಂದು ನಂಬುತ್ತದೆ. ಚಿಟಿಕೆ ಪುಟ್ಟಿಯಿಂದ ಮುಚ್ಚಬಹುದಾದ ರೋಗ ಇದು. ಇದಕ್ಕೂ ಗ್ಯಾಸು ಹಾಕಿಸಿಕೊಂಡವರುಂಟು.

ಕಲ್ಯಾಣ ಮಂಟಪದಲ್ಲಿ ಈ ಸೂತ್ರ ಪರಾಕಾಷ್ಠೆಗೆ ಮುಟ್ಟುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ನೈಯಾಯಿಕರ ಹಳೆಯ ಪಾಠ. ಮಂಟಪದ ವೇದಿಕೆಯಲ್ಲಿ ಹೋಮದ ಹೊಗೆಯೂ ಬೆಂಕಿಯೂ ಪ್ರತ್ಯಕ್ಷವೇ. ಊಹಿಸಬೇಕಾದ್ದು ಪಕ್ಕದ ಕಂಬದ ಮೇಲಿರುವ ಡಬ್ಬಿಯ ಮನಃಸ್ಥಿತಿಯನ್ನು. ಮೇಲೆ ವಿಡಿಯೋದವನ ದೀಪ ಬೇರೆ. ಡಬ್ಬಿ ಪ್ರಾಣ ಹೋದಂತೆ ದೂರು ಕೊಡುತ್ತದೆ, ಯಂತ್ರಗಳು ಬಿಡುವಿಲ್ಲದೆ ಓಡುತ್ತವೆ, ಹಿಂದಿನ ಸಾಲಿನಲ್ಲಿ ಬೀಗರ ಕಡೆಯ ಅಜ್ಜಿಯರು ಸೆರಗು ಹೊದ್ದು ನಡುಗುತ್ತಾರೆ, ವರ ಬೆವರುತ್ತಾನೆ. ಮೆಕ್ಯಾನಿಕ್ ಬಂದರೆ ಏನೂ ಕೆಟ್ಟಿರುವುದಿಲ್ಲ.

ಪರೀಕ್ಷಾವಿಧಿ ಸಂಕ್ಷೇಪವಾಗಿ. ಡಬ್ಬಿಯ ಪಕ್ಕದಲ್ಲೇ ಒಂದು ಸಾಧಾರಣ ಉಷ್ಣಮಾಪಕ ತೂಗುಹಾಕಿ. ಎರಡರ ಅಂಕಿ ಬೇರೆಯಾದರೆ ಅರ್ಜಿಯಲ್ಲೇ ಸುಳ್ಳಿದೆ. ತೆರೆ ಮಸುಕಾಗಿದ್ದರೆ ಬ್ಯಾಟರಿ. ಫ್ಯಾನು 'ಆಟೋ' ಬಿಟ್ಟು 'ಆನ್'ನಲ್ಲಿದ್ದರೆ ಕಂಪ್ರೆಸರ್ ನಿಂತ ಮೇಲೂ ಗಾಳಿ ಬೀಸಿ, ಕಾಯಿಲಿನ ತೇವವನ್ನು ಕೋಣೆಗೆ ವಾಪಸು ಕೊಡುತ್ತದೆ. ಮಂಗಳೂರಿನವರಿಗೆ ಈ ಅಂಟು ತಿಳಿದೇ ಇದೆ. ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಸುಮಾರು 8ರಿಂದ 11 ಡಿಗ್ರಿ ಅಂತರವಿದ್ದರೆ ಯಂತ್ರ ಆರೋಗ್ಯವಾಗಿದೆ, ದೋಷವನ್ನು ಕಿಟಕಿಯಲ್ಲಿ ಹುಡುಕಬೇಕು. ದೊಡ್ಡ ಹೋಟೆಲುಗಳಲ್ಲಿ ಕೆಲವೆಡೆ ಬಾಲ್ಕನಿ ಬಾಗಿಲು ತೆರೆದರೆ ತಂಪು ತಾನೇ ನಿಲ್ಲುವ ಏರ್ಪಾಡಿರುತ್ತದೆ. ಸಮುದ್ರ ನೋಡುತ್ತಾ ರಿಸೆಪ್ಷನ್ನಿಗೆ ಫೋನು ಮಾಡಿ ಬೈಯುವವರು ಇದನ್ನು ಗಮನಿಸಲಿ. 24 ವೋಲ್ಟಿನ ಡಬ್ಬಿಯಾದರೆ ಮೆಕ್ಯಾನಿಕ್ ಅದನ್ನು ಬಿಚ್ಚಿ, ವಿದ್ಯುತ್ತಿನ ತಂತಿಯನ್ನು ಕಂಪ್ರೆಸರ್ ತಂತಿಗೆ ಮುಟ್ಟಿಸಿ ನೋಡುತ್ತಾನೆ. ಯಂತ್ರ ಎದ್ದರೆ ಡಬ್ಬಿ ಅಪರಾಧಿ. ನಮ್ಮ ಹೋಟೆಲುಗಳ ಅನೇಕ ಡಬ್ಬಿಗಳಲ್ಲಿ ಹರಿಯುವುದು 230 ವೋಲ್ಟು, ಆದ್ದರಿಂದ ಪಂಡಿತರು ಈ ಪ್ರಯೋಗವನ್ನು ವಾಕ್ಯಾರ್ಥದಲ್ಲೇ ಮುಗಿಸತಕ್ಕದ್ದು. ಯಂತ್ರ ಏಳದಿದ್ದರೆ ತಾರಸಿಗೆ ಹತ್ತಬೇಕು: ಬರೀ ಗುಂಯ್‌ಗುಡುತ್ತಿದ್ದರೆ ಕೆಪಾಸಿಟರ್, ಸದ್ದೇ ಇಲ್ಲದಿದ್ದರೆ ಕಾಂಟ್ಯಾಕ್ಟರಿನ ಸಂದಿಯಲ್ಲಿ ಇರುವೆ, ಇಲ್ಲವೇ ಸರ್ಕ್ಯೂಟಿನ ಮೇಲೆ ಅಡ್ಡ ಮಲಗಿ ಕರಕಲಾದ ಹಲ್ಲಿ. ಶಕುನವನ್ನು ಪಂಚಾಂಗದಲ್ಲಿ ನೋಡಿಕೊಳ್ಳಬಹುದು.

ಕೊನೆಗೆ ಒಂದು ಪ್ರಭೇದ ಉಳಿಯುತ್ತದೆ. ದೊಡ್ಡ ಕಚೇರಿಗಳಲ್ಲಿ ಒಬ್ಬರು 20 ಎಂದರೆ ಇನ್ನೊಬ್ಬರು 27 ಎಂದು ಜಗಳವಾಡುವಾಗ, ಕೆಲವು ಕಟ್ಟಡಗಳವರು ಯಾವುದಕ್ಕೂ ತಂತಿ ಜೋಡಿಸದ ಡಬ್ಬಿಯನ್ನು ಗೋಡೆಗೆ ಹೊಡೆದು ಬಿಡುತ್ತಾರೆ. ಗುಂಡಿ ಒತ್ತಿದರೆ ಅಂಕಿ ಬದಲಾಗುತ್ತದೆ, ಒತ್ತಿದವರಿಗೆ ಹಾಯೆನಿಸುತ್ತದೆ. ಬ್ಯಾಟರಿ ಮುಗಿಯುವುದೊಂದನ್ನು ಬಿಟ್ಟರೆ ಈ ಡಬ್ಬಿಗೆ ಯಾವ ವ್ಯಾಧಿಯೂ ಬರುವುದಿಲ್ಲ. ಇದಕ್ಕೂ ಗ್ಯಾಸು ಹಾಕಬಹುದೇ ಎಂಬ ಪ್ರಶ್ನೆಗೆ ಗ್ಯಾಸ್‌ವಾದಿಗಳು ಈಗಾಗಲೇ ಕೊಟೇಶನ್ ಕಳುಹಿಸಿದ್ದಾರೆ.